ಸಂಪಾದಕರ ಉತ್ತರ: ಉಣ್ಣೆಯಲ್ಲಿ ನೇಯ್ದದ್ದು ಚಿತ್ರದ ನಕಲೇ?

ಪ್ರಿಯ ಓದುಗರೇ,

ಫ್ರಾನ್ಸಿನ ಆಂಝೇ ನಗರದ ಝಾನ್ ಲ್ಯುರ್ಸಾ ಮ್ಯೂಸಿಯಂ ನೋಡಿಬಂದು ಎರಡು ತಕರಾರು ಬರೆದಿದ್ದೀರಿ: ಟ್ಯಾಪೆಸ್ಟ್ರಿ (ಮಗ್ಗದಲ್ಲಿ ಚಿತ್ರವಾಗಿ ನೇಯ್ದ ಗೋಡೆಬಟ್ಟೆ) ಎಂದರೆ ಚಿತ್ರದ ದುಬಾರಿ ನಕಲು, ಅದನ್ನೂ ಕತ್ತಲಲ್ಲಿ ನೇತುಹಾಕಿದ್ದಾರೆ.

ಮೊದಲನೆಯದು ಟ್ಯಾಪೆಸ್ಟ್ರಿಗೆ ನಕ್ಷೆ ಬರೆಯುತ್ತಿದ್ದ ಫ್ರೆಂಚ್ ಕಲಾವಿದ ಲ್ಯುರ್ಸಾ ಅವರದೇ ತಕರಾರಾಗಿತ್ತು. 19ನೇ ಶತಮಾನದಲ್ಲಿ ಪ್ಯಾರಿಸ್ಸಿನ ಗೊಬ್ಲಾಂ ಟ್ಯಾಪೆಸ್ಟ್ರಿ ಕಾರ್ಖಾನೆ ತೈಲಚಿತ್ರದ ಒಂದೊಂದು ಛಾಯೆಯನ್ನೂ ಉಣ್ಣೆಯಲ್ಲಿ ಹಿಡಿಯಲು ಹೊರಟಿತ್ತು. ಅಲ್ಲಿನ ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದ ರಸಾಯನತಜ್ಞ ಶೆವ್ರಲ್ 14,000ಕ್ಕೂ ಮಿಕ್ಕಿ ಛಾಯೆಗಳನ್ನು ವಿಂಗಡಿಸಿದ್ದರು. ಕೆಲಸ ಆಮೆವೇಗದ್ದು, ಖರ್ಚು ವಿಪರೀತ. ಮೇಲಾಗಿ ತೆಳು ಛಾಯೆಗಳು ಮೊದಲು ಮಾಸಿ ಚಿತ್ರವೇ ಕಲಸಿಹೋಗುತ್ತಿತ್ತು.

1939ರಲ್ಲಿ ಟ್ಯಾಪೆಸ್ಟ್ರಿ ನೇಯ್ಗೆಗೆ ಹೆಸರಾದ ಫ್ರಾನ್ಸಿನ ಒಬ್ಯುಸನ್ ಊರಿಗೆ ಹೋದ ಲ್ಯುರ್ಸಾ ಬಣ್ಣಗಳನ್ನು ಸುಮಾರು 40ಕ್ಕೆ ಇಳಿಸಿದರು, ಸೆಂಟಿಮೀಟರಿಗೆ ಐದೇ ಹಾಸಿನ ಎಳೆ (ಮಗ್ಗದಲ್ಲಿ ಮೊದಲೇ ಬಿಗಿದಿಡುವ ಉದ್ದನೂಲು) ಸಾಕೆಂದರು. ನೇಕಾರರಿಗೆ ಕೊಟ್ಟದ್ದು ಬಣ್ಣದ ಚಿತ್ರವಲ್ಲ, ಪೂರ್ಣ ಅಳತೆಯ ಗೆರೆಯ ನಕ್ಷೆ. ಅದರ ಪ್ರತಿ ತುಣುಕಿಗೂ ಒಂದು ಸಂಖ್ಯೆ, ಆ ಸಂಖ್ಯೆಗೆ ಒಂದು ಉಣ್ಣೆ. ನಕಲು ಮಾಡಲು ಮೂಲಚಿತ್ರವೇ ಇಲ್ಲ!

ಒಬ್ಯುಸನ್ನಿನದು ಅಡ್ಡಮಗ್ಗ, ಅಂದರೆ ಹಾಸು ನೆಲಕ್ಕೆ ಸಮಾನಾಂತರವಾಗಿರುವ ಮಗ್ಗ. ನಕ್ಷೆ ಹಾಸಿನ ಕೆಳಗಿರುತ್ತದೆ, ಎಡಬಲ ತಿರುವುಮುರುವಾಗಿ, ನೇಯುವುದು ಹಿಂಬದಿಯಿಂದ. ನಮ್ಮ ನವಲಗುಂದದ ಜಮಖಾನೆಯಂತೆ ಇಲ್ಲೂ ಹೊಕ್ಕೇ (ಅಡ್ಡ ತೂರಿಸುವ ನೂಲು) ಹಾಸನ್ನು ಪೂರ್ತಿ ಮುಚ್ಚುತ್ತದೆ. ಎರಡು ಬಣ್ಣ ಹಾಸಿನ ಗುಂಟ ಸಂಧಿಸುವಲ್ಲಿ ಸೀಳು ಉಳಿಯುತ್ತದೆ, ಅದನ್ನು ಆಮೇಲೆ ಹೊಲಿಯಬೇಕು. ಸಾಮಾನ್ಯವಾಗಿ ಚಿತ್ರವನ್ನು ಅಡ್ಡಲಾಗಿ ನೇಯ್ದು ತೂಗುವಾಗ ತಿರುಗಿಸುವುದರಿಂದ ಸೀಳುಗಳು ನೆಲಕ್ಕೆ ಸಮಾನಾಂತರವಾಗುತ್ತವೆ. ಹೊಲಿಗೆ ಸವೆದರೆ ಬಟ್ಟೆಯ ಭಾರಕ್ಕೇ ಬಾಯಿಬಿಡುತ್ತವೆ. ಬಣ್ಣದಿಂದ ಬಣ್ಣಕ್ಕೆ ಮೆಲ್ಲಗೆ ಜಾರುವುದು ಬ್ರಷ್ಷಿಗೆ ಸುಲಭ. ಇಲ್ಲಿ ಗರಗಸದ ಹಲ್ಲಿನಂತೆ ಒಂದು ಬಣ್ಣ ಇನ್ನೊಂದರೊಳಗೆ ಚಾಚಿಕೊಳ್ಳಬೇಕು. ಆ ಹಲ್ಲುಗಳನ್ನು ಹತ್ತಿರದಿಂದ ನೋಡಿ. ನೇಕಾರರ ಕೈಗುಣ ಇರುವುದೇ ಅಲ್ಲಿ.

ಹಾಗೆಂದು ನಿಮ್ಮ ಮಾತು ಪೂರ್ತಿ ಸುಳ್ಳಲ್ಲ. ಪಿಕಾಸೊ ಅವರ ‘ಗೆರ್ನಿಕಾ’ದ ಟ್ಯಾಪೆಸ್ಟ್ರಿ ಚಿತ್ರವನ್ನು ನೋಡಿಯೇ ನೇಯ್ದದ್ದು, ಚಿತ್ರದ ಬೂದುಬಣ್ಣವಂತೂ ಅದರಲ್ಲಿ ಕಂದುಬಣ್ಣವಾಗಿದೆ. ಪ್ರತಿಗಳ ಲೆಕ್ಕವನ್ನೂ ಕೇಳಿ: ಫ್ರೆಂಚ್ ನಿಯಮದಂತೆ ಒಂದು ನಕ್ಷೆಯಿಂದ ಎಂಟರವರೆಗೆ ನೇಯ್ದರೆ ಅವೆಲ್ಲ ಮೂಲಕೃತಿಗಳೇ. ಬೆನ್ನಿಗೆ ಹೊಲಿದ ಬಟ್ಟೆಯ ಪಟ್ಟಿಯಲ್ಲಿ ಕಲಾವಿದರ ಸಹಿ, ಕಾರ್ಯಾಗಾರದ ಹೆಸರು, ಪ್ರತಿಯ ಸಂಖ್ಯೆ ಇರುತ್ತವೆ. ನೇಕಾರರ ಹೆಸರು ಗೋಡೆಯ ಫಲಕದ ಮೇಲೂ ಅಪರೂಪ. ಅದು ನಮಗೂ ಒಪ್ಪುವುದಿಲ್ಲ.

ಇನ್ನು ಕತ್ತಲು. ತೈಲಚಿತ್ರಕ್ಕೆ 200 ಲಕ್ಸ್ (ಬೆಳಕಿನ ಅಳತೆಯ ಮಾನ) ಬೆಳಕಾದರೂ ನಡೆಯುತ್ತದೆ, ಉಣ್ಣೆಗೆ 50ರ ಆಸುಪಾಸೇ ಮಿತಿ. ಬೆಳಕಿಗೆ ಬಣ್ಣ ಮಾಸುತ್ತದೆ, ಎಳೆ ಪೆಡಸಾಗುತ್ತದೆ. ಆದ ಹಾನಿ ಮರಳುವುದಿಲ್ಲ. ನೀವು ನೋಡಿದ ಲ್ಯುರ್ಸಾ ಅವರ ‘ವಿಶ್ವಗಾನ’ ಟ್ಯಾಪೆಸ್ಟ್ರಿ ಮಾಲೆಯ ಹಿನ್ನೆಲೆಯೇ ಕಪ್ಪಾದ್ದರಿಂದ ಕತ್ತಲು ಇನ್ನೂ ದಟ್ಟ ಅನಿಸುತ್ತದೆ. ಬಿಸಿಲಿನಿಂದ ಒಳಗೆ ಬಂದ ಕಣ್ಣಿಗೆ ಹತ್ತು ನಿಮಿಷ ಕೊಟ್ಟು ನೋಡಲು ಶುರುಮಾಡಿ.

— ಸಂಪಾದಕ