ಬಸ್ಸಾರಿನ ಕಟ್ಟನ್ನು ಸಿಂಕಿಗೆ ಬಸಿದವನ ಉತ್ತರ

"ಮನೆ ಅಡುಗೆಯಲ್ಲಿ ನಿಮ್ಮಿಂದಾದ, ಈಗಲೂ ನೆನೆಸಿಕೊಂಡು ಎಲ್ಲರೂ ನಗುವ ಎಡವಟ್ಟು ಯಾವುದು? ಮನೆಮಂದಿಗೆಲ್ಲ ಇಷ್ಟವಾದ ಅಡುಗೆ ಯಾವುದು, ಮಾಡೋದು ಹೇಗೆ?" ಅಂತ ಕೇಳಿದ್ದೀರಿ. ನನ್ನ ಮಟ್ಟಿಗೆ ಎರಡಕ್ಕೂ ಉತ್ತರ ಒಂದೇ. ಬಸ್ಸಾರು.

ನಮ್ಮದು ಮಂಡ್ಯ ಕಡೆ ಹಳ್ಳಿ. ಹಲ್ಲು ಬಂದಾಗಿನಿಂದ ವಾರಕ್ಕೆ ಎರಡು ಸಲವಾದರೂ ಬಸ್ಸಾರು ಉಂಡವನು ನಾನು. ಆದರೆ ಉಣ್ಣೋದೇ ಬೇರೆ, ಮಾಡೋದೇ ಬೇರೆ. ಅಡುಗೆಮನೆಗೆ ನಾನು ಹೋಗುತ್ತಿದ್ದದ್ದು ನೀರು ಕುಡಿಯೋಕೆ, ಇಲ್ಲಾಂದ್ರೆ ತುರಿದಿಟ್ಟ ಕಾಯಿ ಕದಿಯೋಕೆ. ಮದುವೆಯಾದದ್ದು ಧಾರವಾಡದ ಹುಡುಗಿಯನ್ನು. ಅವಳಿಗೆ ಜೋಳದ ರೊಟ್ಟಿ, ಝುಣಕ, ಎಣ್ಣೆಗಾಯಿ ಎಲ್ಲ ಕೈಪಾಠ. ಮುದ್ದೆ ಮಾತ್ರ ಹೊಸದು. ಮೊದಲ ಸಲ ನಮ್ಮೂರಿಗೆ ಬಂದಾಗ ಮುದ್ದೆಯನ್ನು ಅಗಿದು ತಿನ್ನೋಕೆ ಹೋಗಿ, ಅದು ಹಲ್ಲಿಗೆಲ್ಲ ಮೆತ್ತಿಕೊಂಡು, ಮಾತು ಹೊರಡದೆ ಕೂತಿದ್ದಳು. "ಅಗೀಬ್ಯಾಡ ಕಣವ್ವ, ಸಾರಲ್ಲಿ ಅದ್ದಿ ನುಂಗು" ಅಂತ ನಮ್ಮಜ್ಜಿ ಹೇಳಿಕೊಟ್ಟರು. ಆವತ್ತು ನಾನು ಬಿದ್ದು ಬಿದ್ದು ನಕ್ಕಿದ್ದೆ. ಅದಕ್ಕೆ ಬಡ್ಡಿ ಸಮೇತ ವಾಪಸ್ ಸಿಕ್ಕಿತು.

ಮದುವೆಯಾದ ಮೊದಲ ವರ್ಷ. ಬೆಂಗಳೂರಿನಲ್ಲಿ ಸಣ್ಣ ಬಾಡಿಗೆ ಮನೆ. ಒಂದು ದಿನ ಅವಳಿಗೆ ಆಫೀಸಿನಿಂದ ಬರೋದು ತಡ ಅಂತ ಗೊತ್ತಾಯಿತು. ನಾನು ಬೇಗ ಮನೆಗೆ ಬಂದಿದ್ದೆ. ನಮ್ಮ ಕಡೆ ಊಟ ಅಂದರೆ ಏನು ಅಂತ ತೋರಿಸಿಬಿಡೋಣ ಅನ್ನಿಸಿತು. ಅಮ್ಮನಿಗೆ ಫೋನ್ ಮಾಡಿದೆ. ಅಮ್ಮ ಹೇಳಿದ್ದು ಇಷ್ಟೇ: "ಬೇಳೆ ಬೇಯ್ಸು, ಸೊಪ್ಪು ಹಾಕು, ಬಸಿ, ಖಾರ ರುಬ್ಬಿ ಹಾಕಿ ಕುದಿಸು. ಅಷ್ಟೇಯ." ನನಗೂ ಅಷ್ಟೇಯ ಅನ್ನಿಸಿತು.

ತೊಗರಿಬೇಳೆ ಬೇಯಿಸಿದೆ. ದಂಟಿನ ಸೊಪ್ಪು ತೊಳೆದು, ಹೆಚ್ಚಿ ಹಾಕಿದೆ. ಬೆಂದಿತು. ಈಗ ಬಸಿಯಬೇಕು. ಹಾಸ್ಟೆಲಿನಲ್ಲಿ ಭಟ್ಟರು ಅನ್ನದ ಗಂಜಿ ಬಸಿದು ಮೋರಿಗೆ ಬಿಡೋದನ್ನು ನೋಡಿದ್ದೆ. ಬಸಿಯೋದು ಅಂದರೆ ಬೇಡದ ನೀರನ್ನು ತೆಗೆಯೋದು, ಅಲ್ವಾ? ತೂತಿನ ಪಾತ್ರೆಯನ್ನು ಸಿಂಕಿನಲ್ಲಿ ಇಟ್ಟು ಎಲ್ಲವನ್ನೂ ಸುರಿದೆ. ಘಮ್ಮೆಂದು ಹಬೆ ಎದ್ದಿತು. ಎಂಥ ಒಳ್ಳೆ ವಾಸನೆ, ನಮ್ಮೂರ ಮನೆಯದೇ ವಾಸನೆ ಅಂತ ಕಣ್ಣು ಮುಚ್ಚಿ ಉಸಿರೆಳೆದುಕೊಂಡೆ. ಎಳೆದುಕೊಳ್ಳುತ್ತಲೇ ಕೊನೆಯ ಹನಿಯವರೆಗೂ ಬಸಿದೆ. ಮೇಲೆ ನಲ್ಲಿ ಬಿಟ್ಟು ಸಿಂಕನ್ನೂ ತೊಳೆದೆ. ನಾನು ಸ್ವಲ್ಪ ಶಿಸ್ತಿನ ಮನುಷ್ಯ.

ಆಮೇಲೆ ಈರುಳ್ಳಿ, ಬೆಳ್ಳುಳ್ಳಿ ಹುರಿದೆ. ಕಾಯಿ, ಹುಣಸೆಹಣ್ಣು, ಸಾರಿನ ಪುಡಿ ಹಾಕಿ ನುಣ್ಣಗೆ ರುಬ್ಬಿದೆ. ಖಾರ ಚೆನ್ನಾಗಿಯೇ ಬಂತು. ಒಗ್ಗರಣೆ ಚಟಪಟ ಅಂದಿತು, ಖಾರ ಹಾಕಿದೆ. ಮುಂದೆ? ಕುದಿಸು ಅಂದಿದ್ದಾರೆ. ಯಾವುದರಲ್ಲಿ ಕುದಿಸೋದು? ಒಂದು ಕಡೆ ಬೇಳೆ ಸೊಪ್ಪಿನ ಗುಡ್ಡೆ. ಇನ್ನೊಂದು ಕಡೆ ಬಾಣಲೆಗೆ ಅಂಟಿಕೊಳ್ಳುತ್ತಿರುವ ಖಾರ. ನಡುವೆ ಸೌಟು ಹಿಡಿದುಕೊಂಡು ನಾನು. ಅಷ್ಟು ಹೊತ್ತಿಗೆ ಬಾಗಿಲು ತೆಗೆದ ಸದ್ದಾಯಿತು.

ಅವಳು ಒಲೆ ಕಡೆ ನೋಡಿದಳು. "ಕಟ್ಟು ಎಲ್ಲಿ ಇಟ್ಟೀರಿ?" ಅಂದಳು.

"ಯಾವ ಕಟ್ಟು?"

"ಬಸಿದ ನೀರು. ಅದಿಲ್ಲದ ಸಾರು ಯಾತರಾಗ ಮಾಡ್ತೀರಿ ಮತ್ತ?"

ನಾನು ಸಿಂಕ್ ತೋರಿಸಿದೆ. ಅದು ಫಳಫಳ ಹೊಳೆಯುತ್ತಿತ್ತು.

ನೋಡಿ, ಬಸ್ಸಾರನ್ನು ಅದುವರೆಗೆ ಮಾಡದೇ ಇದ್ದವಳಿಗೆ ಗೊತ್ತಿತ್ತು, ಮೂವತ್ತು ವರ್ಷ ಉಂಡವನಿಗೆ ಗೊತ್ತಿರಲಿಲ್ಲ. ಧಾರವಾಡದ ಕಡೆ ಹೋಳಿಗೆ ಮಾಡಿದ ದಿನ ಕಡಲೆಬೇಳೆ ಬಸಿದ ಕಟ್ಟಿನಲ್ಲೇ ಕಟ್ಟಿನ ಸಾರು ಮಾಡುತ್ತಾರೆ. ಕಟ್ಟು ಚೆಲ್ಲೋದು ಅಂದರೆ ಅವರ ಮನೆಯಲ್ಲಿ ಹಾಲು ಚೆಲ್ಲಿದ ಹಾಗೆ. ನಮ್ಮ ಕಡೆಯೂ ಒಬ್ಬಟ್ಟಿನ ಸಾರು ಅದೇ ಕಥೆ. ಉಪ್ಸಾರಿಗೂ ಆ ನೀರೇ. ಅಷ್ಟು ಯಾಕೆ, ಬಸಿದ ಸಾರೇ ಬಸ್ಸಾರು. ಹೆಸರಿನಲ್ಲೇ ಎಲ್ಲ ಹೇಳಿಟ್ಟಿದ್ದಾರೆ. ನಾನು ಹೆಸರನ್ನು ಉಂಡಿದ್ದೆನೇ ಹೊರತು ಯೋಚಿಸಿರಲಿಲ್ಲ.

ಅವಳೇ ಅಮ್ಮನಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದಳು. ಆ ಕಡೆಯಿಂದ ಎರಡು ನಿಮಿಷ ಬರೀ ನಗು. ಹಿಂದಿನಿಂದ ಅಪ್ಪ "ಏನಂತೆ, ಏನಂತೆ" ಅಂತ ಕೇಳುವುದು, ಅಮ್ಮ ಹೇಳೋಕೆ ಹೋಗಿ ಮತ್ತೆ ನಗುವುದು. ಕೊನೆಗೆ ಉಸಿರು ಬಂದ ಮೇಲೆ, "ಸಾರ್ನೇ ಸುರುದ್ಬುಟ್ಟು ಈಗ ಸಾರೆಲ್ಲಿ ಅಂತೀಯಲ್ಲ ಮಗ" ಅಂದರು. ಆಮೇಲೆ ಸೊಸೆಗೆ ಹೇಳಿದರು: "ಆ ಬೇಳೆ ಸೊಪ್ಪನೇ ಚೆನ್ನಾಗಿ ಮಸ್ದು, ಬಿಸಿನೀರು ಬುಟ್ಟು, ಅದೇ ಖಾರ ಹಾಕು ಕಣವ್ವ. ಮಸ್ಸೊಪ್ಪು ಆಯ್ತದೆ."

ಆಯಿತು ಕೂಡ. ಆವತ್ತು ನಾವು ಉಂಡದ್ದು ಮಸ್ಸೊಪ್ಪು. ಚೆನ್ನಾಗಿತ್ತು ಅಂತ ನಾನು ಹೇಳಿದೆ. ಅವಳು ಏನೂ ಹೇಳಲಿಲ್ಲ, ನಗು ತಡೆಯೋದರಲ್ಲೇ ಇದ್ದಳು.

ಈಗ ಬಸ್ಸಾರು ಮಾಡುವ ಬಗೆ. ಈಗೀಗ ಮನೆಯಲ್ಲಿ ನಾನೇ ಮಾಡೋದು, ಹಾಗಾಗಿ ಧೈರ್ಯವಾಗಿ ಹೇಳುತ್ತೇನೆ. ನಾಲ್ಕು ಜನಕ್ಕೆ ಒಂದು ಲೋಟ ತೊಗರಿಬೇಳೆ, ಒಂದು ದೊಡ್ಡ ಕಟ್ಟು ಸೊಪ್ಪು. ದಂಟು, ಹರಿವೆ, ಸಬ್ಬಸಿಗೆ, ಯಾವುದಾದರೂ ಸರಿ. ಎರಡು ಮೂರು ಬೆರಕೆ ಮಾಡಿದರೆ ಇನ್ನೂ ರುಚಿ. ಐದಾರು ಲೋಟ ನೀರು ಕುದಿಸಿ ಬೇಳೆ ಹಾಕಿ. ಬೇಳೆ ಮುಕ್ಕಾಲು ಬೆಂದ ಮೇಲೆ ಸೊಪ್ಪು, ಉಪ್ಪು. ಬೇಳೆಯನ್ನು ಬೆರಳಲ್ಲಿ ಹಿಸುಕಿದರೆ ಮೆತ್ತಗಾಗಬೇಕು, ಆದರೆ ನೀರಿನಲ್ಲಿ ಕರಗಿರಬಾರದು. ಅದಕ್ಕೇ ಕುಕ್ಕರ್ ಬೇಡ ಅನ್ನೋದು ನನ್ನ ಹಟ. ಕುಕ್ಕರಿನಲ್ಲಿ ಒಂದು ವಿಶಲ್ ಜಾಸ್ತಿಯಾದರೂ ಬಸಿಯೋಕೆ ಏನೂ ಉಳಿಯೋದಿಲ್ಲ, ಎಲ್ಲ ಪಾಯಸ. ತೆರೆದ ಪಾತ್ರೆಯಲ್ಲಿ ಬೇಯಿಸಿ, ಪಕ್ಕದಲ್ಲಿ ನಿಂತಿರಿ.

ಆಮೇಲೆ ಬಸಿಯಿರಿ. ಕೆಳಗೆ ಪಾತ್ರೆ ಇಟ್ಟು.

ಖಾರಕ್ಕೆ ಒಂದು ದೊಡ್ಡ ಈರುಳ್ಳಿ, ಆರೇಳು ಎಸಳು ಬೆಳ್ಳುಳ್ಳಿ, ಅರ್ಧ ಚಮಚ ಜೀರಿಗೆ, ನಾಲ್ಕೈದು ಕಾಳುಮೆಣಸು ಸ್ವಲ್ಪ ಎಣ್ಣೆಯಲ್ಲಿ ಹುರಿಯಿರಿ. ಈರುಳ್ಳಿ ಕೆಂಪಗಾಗಬೇಕು. ಅರ್ಧ ಹೋಳು ಕಾಯಿಯ ತುರಿ, ಗೋಲಿ ಗಾತ್ರದ ಹುಣಸೆಹಣ್ಣು, ಎರಡು ಚಮಚ ಮನೆಯ ಸಾರಿನ ಪುಡಿ ಸೇರಿಸಿ. ಇಲ್ಲಿ ಒಂದು ಗುಟ್ಟು: ಬೆಂದ ಬೇಳೆ ಸೊಪ್ಪನ್ನು ಒಂದು ಸೌಟು ಇದರ ಜೊತೆಗೇ ರುಬ್ಬಬೇಕು. ಸಾರಿಗೆ ಮೈ ಬರೋದು ಅದರಿಂದ. ಜಜ್ಜಿದ ಬೆಳ್ಳುಳ್ಳಿ, ಸಾಸಿವೆ, ಕರಿಬೇವಿನ ಒಗ್ಗರಣೆಗೆ ಖಾರ ಹಾಕಿ, ಹಸಿ ವಾಸನೆ ಹೋದ ಮೇಲೆ ಕಟ್ಟು ಸುರಿದು ಚೆನ್ನಾಗಿ ಕುದಿಸಿ. ಟೊಮ್ಯಾಟೊ ಹಾಕುವವರಿದ್ದಾರೆ. ನಾನು ಹಾಕೋದಿಲ್ಲ, ಹುಣಸೆಯೇ ಸಾಕು.

ಉಳಿದ ಬೇಳೆ ಸೊಪ್ಪಿಗೆ ಸಾಸಿವೆ, ಒಣಮೆಣಸಿನಕಾಯಿ, ಈರುಳ್ಳಿ ಒಗ್ಗರಣೆ ಕೊಟ್ಟು, ಮೇಲೆ ಕಾಯಿತುರಿ ಉದುರಿಸಿದರೆ ಪಲ್ಯ. ಒಂದೇ ಪಾತ್ರೆಯಿಂದ ಸಾರೂ ಆಯಿತು, ಪಲ್ಯವೂ ಆಯಿತು. ಚಳಿಗಾಲದಲ್ಲಿ ಸೊಗಡಿನ ಅವರೆಕಾಯಿ ಬಂದಾಗ ಬೇಳೆ ಬಿಟ್ಟು ಅವರೆಕಾಳು, ಸಬ್ಬಸಿಗೆ ಸೊಪ್ಪು ಹಾಕಿ ನೋಡಿ. ಆವತ್ತು ನಮ್ಮ ಮನೆಯಲ್ಲಿ ಟಿವಿ ಹಾಕೋದಿಲ್ಲ. ಇನ್ನೊಂದು ಮಾತು, ಬಸ್ಸಾರು ಮಾಡಿದ ದಿನಕ್ಕಿಂತ ಮಾರನೇ ದಿನ ರುಚಿ. ಕಾಯಿಸಿ ಕಾಯಿಸಿ ಗಟ್ಟಿಯಾದ ಹಳೇ ಸಾರಿಗಾಗಿ ನಮ್ಮಲ್ಲಿ ಜಗಳಗಳಾಗಿವೆ.

ಮುದ್ದೆ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಎರಡು ಲೋಟ ನೀರಿಗೆ ಒಂದು ಲೋಟಕ್ಕಿಂತ ಸ್ವಲ್ಪ ಜಾಸ್ತಿ ರಾಗಿಹಿಟ್ಟು. ಮೊದಲು ಒಂದು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಕುದಿಯುವ ನೀರಿಗೆ ಹಾಕಿ. ಅದು ಉಕ್ಕಿ ಬಂದಾಗ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿಯಿರಿ. ತಕ್ಷಣ ತಿರುವೋಕೆ ಹೋಗಬೇಡಿ, ಗಂಟಾಗುತ್ತದೆ. ಸಣ್ಣ ಉರಿಯಲ್ಲಿ ಐದು ನಿಮಿಷ ಬೇಯಲಿ. ಆಮೇಲೆ ಕೋಲು ಹಾಕಿ ರಟ್ಟೆ ನೋಯುವ ತನಕ ತಿರುವಿ. ನನ್ನ ಮೊದಲ ಮುದ್ದೆಯಲ್ಲಿ ಎಷ್ಟು ಗಂಟುಗಳಿದ್ದವು ಅಂದರೆ, ನುಂಗುವಾಗ ಮಾತ್ರೆ ತಗೊಂಡ ಹಾಗೆ ಆಗುತ್ತಿತ್ತು.

ನನ್ನೊಬ್ಬನ ಮರ್ಯಾದೆಯೇ ಯಾಕೆ ಹೋಗಬೇಕು? ಅಪ್ಪನದ್ದೂ ಒಂದು ಹೇಳುತ್ತೇನೆ.

ಅಮ್ಮ ಡಬ್ಬಗಳ ವಿಷಯದಲ್ಲಿ ಬಹಳ ಜಿಪುಣಿ. ಹಾರ್ಲಿಕ್ಸ್ ಬಾಟಲಿಯಲ್ಲಿ ಮೆಂತ್ಯ, ಬೋರ್ನ್‌ವಿಟಾ ಡಬ್ಬದಲ್ಲಿ ಸಾರಿನ ಪುಡಿ. ಯಾವುದರ ಮೇಲೂ ಚೀಟಿ ಇಲ್ಲ. ಅಮ್ಮನ ಕೈಗೆ ಕಣ್ಣಿದೆ, ನಮಗಿಲ್ಲ. ಒಮ್ಮೆ ಅಮ್ಮ ಮದುವೆಗೆಂದು ಹೋಗಿದ್ದಾಗ ಅಪ್ಪ ಚಿತ್ರಾನ್ನ ಮಾಡಲು ನಿಂತರು. ಒಗ್ಗರಣೆ, ಈರುಳ್ಳಿ, ಹಸಿಮೆಣಸಿನಕಾಯಿ, ಅರಿಶಿನ, ಎಲ್ಲ ಸರಿಯಾಗಿತ್ತು. ಉಪ್ಪು ಅಂತ ಒಂದು ಚಮಚ ಹಾಕಿದರು. ನೋಡ ನೋಡುತ್ತಿದ್ದಂತೆ ಹಳದಿ ಒಗ್ಗರಣೆ ಕೆಂಪಾಯಿತು. ಮೆಣಸಿನಪುಡಿ ಹಾಕಿಯೇ ಇಲ್ಲ! ಅಪ್ಪ ಒಂದು ಹೆಜ್ಜೆ ಹಿಂದೆ ಸರಿದರು.

ಹಾಕಿದ್ದು ಅಡುಗೆ ಸೋಡಾ. ಆರತಿಗೆ ಓಕುಳಿ ಮಾಡೋದು ನೆನಪಿದೆಯಾ? ಅರಿಶಿನದ ನೀರಿಗೆ ಸುಣ್ಣ ಬಿದ್ದರೆ ಕೆಂಪಾಗುತ್ತದಲ್ಲ, ಅದೇ ಇದು. ಸುಣ್ಣದ ಹಾಗೆ ಸೋಡಾವೂ ಕ್ಷಾರ. ಅರಿಶಿನಕ್ಕೆ ಕ್ಷಾರ ತಾಗಿದರೆ ಬಣ್ಣ ತಿರುಗುತ್ತದೆ. ನನಗೆ ಆಗ ಇದೆಲ್ಲ ಗೊತ್ತಿರಲಿಲ್ಲ, ಅಪ್ಪನಿಗೂ ಇಲ್ಲ. ಅನ್ನ ಬೆರೆಸಿದರು. ನಿಂಬೆಹಣ್ಣು ಹಿಂಡಿದರು. ಬುಸ್ಸೆಂದು ನೊರೆ ಎದ್ದಿತು, ರಸ ಬಿದ್ದ ಕಡೆಯೆಲ್ಲ ಅನ್ನ ಮತ್ತೆ ಹಳದಿಯಾಯಿತು. ಅರ್ಧ ಕೆಂಪು, ಅರ್ಧ ಹಳದಿ, ಥೇಟ್ ನಮ್ಮ ಕನ್ನಡ ಬಾವುಟ. ಅಪ್ಪ ಒಂದು ತುತ್ತು ಬಾಯಿಗಿಟ್ಟು, ಮುಖ ಕಿವುಚಿ, "ಬಾರೋ, ಹೋಟ್ಲಲ್ಲಿ ಮಸಾಲೆ ದೋಸೆ ತಿನ್ನುವ" ಅಂದರು. ಅಮ್ಮನಿಗೆ ಹೇಳಬಾರದು ಅಂತ ನನಗೆ ಜಾಮೂನು ಕೊಡಿಸಿದರು. ನಾನು ಆ ರಾತ್ರಿಯೇ ಹೇಳಿದೆ.

ಈಗ ಅಪ್ಪ ಅಮ್ಮ ಇಬ್ಬರೂ ನಮ್ಮ ಜೊತೆಯೇ ಇದ್ದಾರೆ. ಹೋದ ತಿಂಗಳು ಮಗಳಿಗೆ ಪಾಸ್ತಾ ಮಾಡುವ ಹುಚ್ಚು ಹಿಡಿಯಿತು. ದೊಡ್ಡ ಪಾತ್ರೆಯಲ್ಲಿ ಬೇಯಿಸಿ, ಬಸಿಯೋಕೆಂದು ಸಿಂಕಿನ ಕಡೆ ಹೊರಟಳು. ಹಾಲಿನಲ್ಲಿ ಹೂವು ಕಟ್ಟುತ್ತಾ ಕೂತಿದ್ದ ಅಮ್ಮ, ಮಂಡಿನೋವನ್ನೂ ಮರೆತು, ಸ್ಟೀಲ್ ಪಾತ್ರೆ ಹಿಡಿದುಕೊಂಡು ಓಡಿ ಬಂದರು. "ತಡಿ ತಡಿ, ನಿಮ್ಮಪ್ಪನಂಗೆ ಮಾಡ್ಬ್ಯಾಡ, ಕಟ್ಟು ಇಟ್ಕೊ!"

"ಅಜ್ಜೀ, ಇದು ಪಾಸ್ತಾ."

"ಯಾವ್ದಾರ ಆಗ್ಲಿ."

ಆ ರಾತ್ರಿಯ ತಿಳಿಸಾರು ಯಾಕೋ ಸ್ವಲ್ಪ ಮಂದವಾಗಿತ್ತು. ಯಾರೂ ಏನೂ ಕೇಳಲಿಲ್ಲ. ಅಪ್ಪ ಮಾತ್ರ ಎರಡನೇ ಸಲ ಹಾಕಿಸಿಕೊಂಡರು.