ಬೇಲೂರು–ಹಳೇಬೀಡು ಬಿಟ್ಟು ಹಾಸನದ ಸುತ್ತ ಒಂದು ದಿನದಲ್ಲಿ ಏನು ನೋಡಬಹುದು?

ಬೇಲೂರು, ಹಳೇಬೀಡು ಆಗಲೇ ನೋಡಿದ್ದೀರಿ, ಸ್ಕೂಟರ್ ಇದೆ, ಜನಜಂಗುಳಿ ಬೇಡ ಅಂದಿದ್ದೀರಿ. ಹಾಗಾದರೆ ಹೊಯ್ಸಳರ ಗುಡಿಗಳಿರುವ ಮೂರು ಊರು ಸಾಕು: ಕೊರವಂಗಲ, ಮೊಸಳೆ, ದೊಡ್ಡಗದ್ದವಳ್ಳಿ. ಮೂರೂ ಹಾಸನದಿಂದ ಮೂರು ದಿಕ್ಕಿಗಿರುವುದರಿಂದ ಪ್ರತಿ ಸಲ ಪೇಟೆಗೆ ಬಂದೇ ಮುಂದಿನದಕ್ಕೆ ಹೋಗಬೇಕು. ಒಟ್ಟು 85 ಕಿ.ಮೀ. ಆಸುಪಾಸು, ಎರಡು ಲೀಟರ್ ಪೆಟ್ರೋಲ್ ಧಾರಾಳ. ಪೇಟೆಗೆ ಬಂದು ಹೋಗುವುದರಲ್ಲಿ ಒಂದು ಲಾಭವೂ ಇದೆ. ಗುಡಿಗಳ ಹತ್ತಿರ ಊಟದ ಹೋಟೆಲ್ ಸಿಗುತ್ತದೆಂದು ನಂಬಿಕೊಳ್ಳುವ ಹಾಗಿಲ್ಲ, ಊಟ ಹಾಸನದಲ್ಲೇ ಮುಗಿಸಬಹುದು.

ಮೊದಲು ಕೊರವಂಗಲ. ಅರಸೀಕೆರೆ ಕಡೆಗೆ ಸುಮಾರು 10 ಕಿ.ಮೀ. ಹೊಯ್ಸಳ ದೊರೆ ವೀರಬಲ್ಲಾಳ ಪಟ್ಟಕ್ಕೆ ಬಂದ 1173ರಲ್ಲಿ ಬೂಚಿರಾಜನೆಂಬ ಅಧಿಕಾರಿ ಆ ಸಂತೋಷಕ್ಕೆ ಕಟ್ಟಿಸಿದ ಬೂಚೇಶ್ವರ ಗುಡಿ ಇಲ್ಲಿದೆ. ಶಿವನ ಗರ್ಭಗುಡಿಗೆ ಎದುರಾಗಿ ಸೂರ್ಯನಿಗೂ ಒಂದು ಗುಡಿ ಇರುವುದು ಇದರ ವಿಶೇಷ. ಬೂಚಿಯ ಅಣ್ಣತಮ್ಮಂದಿರಾದ ಗೋವಿಂದ, ನಾಕ ಇಬ್ಬರೂ ತಮ್ಮ ಹೆಸರಲ್ಲಿ ಗುಡಿ ಕಟ್ಟಿಸಿದ್ದರು. ಅವು ಪಾಳುಬಿದ್ದಿವೆ. ಮುಕ್ಕಾಲು ಗಂಟೆ ಸಾಕು.

ಮೊಸಳೆ ಹೊಳೆನರಸೀಪುರ ರಸ್ತೆಯ ಕಡೆ, 12 ಕಿ.ಮೀ. ಇರಬಹುದು. ಎಲ್ಲರೂ ಎಡವುವುದು ಹೆಸರಲ್ಲಿ. ಬಸ್ಸಿನ ಬೋರ್ಡಿನಲ್ಲಿ ಕಾಣುವ ಮೊಸಳೆಹೊಸಳ್ಳಿ ಬೇರೆ, ಗುಡಿ ಇರುವ ಮೊಸಳೆ ಬೇರೆ. ದಾರಿ ಕೇಳುವಾಗ 'ಜೋಡಿ ಗುಡಿ' ಅನ್ನಿ. ನಾಗೇಶ್ವರ, ಚೆನ್ನಕೇಶವ ಎರಡೂ ಅಕ್ಕಪಕ್ಕ, ಅಚ್ಚಿನಲ್ಲಿ ತೆಗೆದ ಹಾಗೆ. ಗೋಡೆ ನೋಡಿ ವಾಪಸಾಗಬೇಡಿ, ಇಲ್ಲಿನ ಸೊಗಸು ಒಳಗಿನ ಭುವನೇಶ್ವರಿಗಳಲ್ಲಿದೆ, ಅಂದರೆ ಕೆತ್ತನೆಯ ಒಳಛಾವಣಿಗಳಲ್ಲಿ. ಮೊಬೈಲ್ ಟಾರ್ಚನ್ನು ನೇರ ಮೇಲಕ್ಕೆ ಹಿಡಿದರೆ ಕೆತ್ತನೆ ಚಪ್ಪಟೆಯಾಗಿ ಕಾಣುತ್ತದೆ. ಒಂದು ಮೂಲೆಯಿಂದ ಓರೆಯಾಗಿ ಬಿಟ್ಟರೆ ನೆರಳು ಬಿದ್ದು ಆಳ ಗೊತ್ತಾಗುತ್ತದೆ. ಇಬ್ಬರಿದ್ದರೆ ಒಬ್ಬರು ಟಾರ್ಚ್, ಇನ್ನೊಬ್ಬರು ಫೋಟೋ.

ಮಧ್ಯಾಹ್ನ ಕಾವಲುಗಾರರು ಊಟಕ್ಕೆ ಹೋದಾಗ ಬಾಗಿಲು ಹಾಕಿರಬಹುದು. ಬೀಗ ಕಂಡ ತಕ್ಷಣ ತಿರುಗಿ ಬರಬೇಡಿ, ಪಕ್ಕದ ಮನೆಯಲ್ಲಿ ಕೇಳಿ. ಅದಕ್ಕೇ ಎರಡು ಗುಡಿ ಊಟಕ್ಕೆ ಮುಂಚೆ, ಮೂರನೆಯದು ಮೂರರ ಮೇಲೆ ಇಟ್ಟುಕೊಳ್ಳುವುದು ಒಳ್ಳೆಯದು. ಬೇಸಿಗೆಯಲ್ಲಿ ಕಾಲುಚೀಲ ಜೊತೆಗಿರಲಿ, ಚಪ್ಪಲಿ ಬಿಟ್ಟ ಮೇಲೆ ಹಾಸುಗಲ್ಲು ಅಂಗಾಲು ಸುಡುತ್ತದೆ.

ಹೆಚ್ಚು ಹೊತ್ತು ಉಳಿಸಿಕೊಳ್ಳಬೇಕಾದ್ದು ದೊಡ್ಡಗದ್ದವಳ್ಳಿಗೆ. ಬೇಲೂರು ರಸ್ತೆಯಲ್ಲಿ ಹೋಗಿ ತಿರುಗಬೇಕು, ಸುಮಾರು 20 ಕಿ.ಮೀ. ಬೇಲೂರಿನ ಚೆನ್ನಕೇಶವ 1117ರದ್ದು. ಕುಲ್ಲಹಣ ರಾಹುತನೆಂಬ ವರ್ತಕ ಮತ್ತು ಅವನ ಹೆಂಡತಿ ಸಹಜಾದೇವಿ ಕಟ್ಟಿಸಿದ ಈ ಲಕ್ಷ್ಮೀದೇವಿ ಗುಡಿ ಅದಕ್ಕಿಂತ ಮೂರ್ನಾಲ್ಕು ವರ್ಷ ಹಿರಿಯದು. ಹೊರಗೋಡೆ ಬೋಳು ಅಂತ ಮುಖ ಸಿಂಡರಿಸುವವರಿದ್ದಾರೆ. ಬೇಲೂರಿನ ಕಣ್ಣಲ್ಲಿ ಇದನ್ನು ನೋಡಿದರೆ ಹಾಗೇ ಆಗುವುದು. ಹೊಯ್ಸಳ ಗುಡಿಯೆಂದರೆ ನಕ್ಷತ್ರದಾಕಾರದ ಎತ್ತರದ ಜಗತಿ (ಗುಡಿ ನಿಲ್ಲುವ ಕಲ್ಲಿನ ಕಟ್ಟೆ) ಎಂದುಕೊಂಡಿದ್ದರೆ ಇಲ್ಲಿ ಜಗತಿಯೇ ಇಲ್ಲ, ಅದು ಆಮೇಲೆ ಬಂದ ಪದ್ಧತಿ. ಒಂದೇ ಕಟ್ಟಡದಲ್ಲಿ ನಾಲ್ಕು ಗರ್ಭಗುಡಿ. ನಾಲ್ಕು ಶಿಖರಗಳಲ್ಲಿ ಮೂರು ಮೆಟ್ಟಿಲುಮೆಟ್ಟಿಲಾಗಿ ಸಾದಾ, ಒಂದು ಮಾತ್ರ ಕೆತ್ತನೆಯದು. ಕಾಳಿಯ ಬಾಗಿಲ ಎರಡೂ ಕಡೆ ಎಲುಬಿನ ಗೂಡಿನಂಥ ಬೇತಾಳಗಳು ಆಳೆತ್ತರಕ್ಕೆ ನಿಂತಿವೆ. ಒಳಗೆ ಕತ್ತಲೆ, ಟಾರ್ಚ್ ಇಲ್ಲದಿದ್ದರೆ ಪಕ್ಕದಲ್ಲೇ ಹಾದುಹೋದರೂ ಕಾಣದು. ಹೊರಗೆ ಬಂದು ಕೆರೆ ಏರಿಯ ಕಡೆ ಕೂತರೆ ಸಂಜೆ ಬೇಗ ಎದ್ದುಬರಲು ಮನಸ್ಸಾಗುವುದಿಲ್ಲ.

ಮಳೆಗಾಲವಾದರೆ ಸರದಿ ತಿರುಗಿಸಿ. ಅರಸೀಕೆರೆ ಕಡೆ ಬಯಲುಸೀಮೆ, ತೆಂಗಿನ ನಾಡು. ಬೇಲೂರು ಕಡೆ ಹೋದಷ್ಟೂ ಮಲೆನಾಡಿನ ಮಳೆ, ಅದೂ ಮಧ್ಯಾಹ್ನದ ಮೇಲೆ ಹಿಡಿದರೆ ಬಿಡುವುದು ಕಷ್ಟ. ದೊಡ್ಡಗದ್ದವಳ್ಳಿಯನ್ನು ಬೆಳಿಗ್ಗೆಯೇ ಮುಗಿಸಿಬಿಡಿ.

ಶೆಟ್ಟಿಹಳ್ಳಿಯ ಪಾಳುಬಿದ್ದ ಚರ್ಚನ್ನೂ ಸೇರಿಸಬಹುದೇ ಅಂದಿದ್ದೀರಿ. ತಿಂಗಳು ನೋಡಿ. ಗೊರೂರು ಅಣೆಕಟ್ಟಿನಲ್ಲಿ ನೀರು ತುಂಬಿದಾಗ ಅದು ಅರ್ಧಂಬರ್ಧ ಮುಳುಗಿರುತ್ತದೆ, ದಡದಿಂದಷ್ಟೇ ನೋಟ. ಬೇಸಿಗೆಯಲ್ಲಿ ಹತ್ತಿರ ನಡೆದು ಹೋಗಬಹುದು. ನೀರು ಆಗತಾನೇ ಇಳಿದ ನೆಲ ಮೇಲೆ ಒಣಗಿದಂತೆ ಕಂಡರೂ ಕೆಳಗೆ ಕೆಸರು, ಸ್ಕೂಟರ್ ಹೂತುಕೊಳ್ಳುತ್ತದೆ, ಗಟ್ಟಿ ರಸ್ತೆಯಲ್ಲೇ ನಿಲ್ಲಿಸಿ. ಗೋಡೆ ಹತ್ತುವುದಂತೂ ಬೇಡ, ಕಲ್ಲು ಇಟ್ಟಿಗೆ ಎಲ್ಲ ಸಡಿಲವಾಗಿವೆ. ಇದನ್ನು ಸೇರಿಸಿದರೆ ಕೊರವಂಗಲ ಕೈಬಿಡಿ.

ದೀಪಾವಳಿ ಆಸುಪಾಸು ಹಾಸನಾಂಬೆಯ ಬಾಗಿಲು ತೆಗೆದಿರುವ ದಿನಗಳಲ್ಲಿ ಮಾತ್ರ ಈ ಯೋಜನೆ ಹಾಕಬೇಡಿ. ಆಗ ಲಾಡ್ಜ್ ಸಿಗುವುದೂ ಕಷ್ಟ, ಪೇಟೆ ದಾಟುವುದೂ ಕಷ್ಟ.