18 ತಿಂಗಳಲ್ಲಿ ಡಾಕ್ಟರೇಟ್ ಸಿಗ್ತದಾ ಅಕ್ಕಾ?

ಪ್ರಶ್ನೆ: ಅಕ್ಕನಿಗೆ ನಮಸ್ಕಾರ. ನಾನು ಕಾಸರಗೋಡಿನ ಪೆರ್ಲದ ಹತ್ತಿರ ಒಂದು ಶಾಲೆಯಲ್ಲಿ ಪ್ರೀ ಪ್ರೈಮರಿ ಟೀಚರ್. 11 ವರ್ಷ ಆಯಿತು. ವಯಸ್ಸು 36. ಕನ್ನಡ ಎಂ.ಎ. ಆಗಿದೆ, 62 ಪರ್ಸೆಂಟ್ ಉಂಟು. ಗಂಡ ಶಾರ್ಜಾದಲ್ಲಿ. ಮನೆಯಲ್ಲಿ ಅತ್ತೆ, ಇಬ್ಬರು ಮಕ್ಕಳು. ಮೊನ್ನೆ ಮೊಬೈಲಿನಲ್ಲಿ ಒಂದು ಜಾಹೀರಾತು ಬಂತು. ಕೆಲಸ ಬಿಡದೆ, ಮನೆಯಲ್ಲೇ ಕೂತು, 18 ತಿಂಗಳಲ್ಲಿ ಶಿಶು ಶಿಕ್ಷಣದಲ್ಲಿ ವಿದೇಶಿ ಡಾಕ್ಟರೇಟ್ ಅಂತ. ಫೋನ್ ಮಾಡಿದೆ. 4 ಲಕ್ಷವಂತೆ, ಕಂತಿನಲ್ಲಿ ಕಟ್ಟಬಹುದಂತೆ. ಈ ವಾರವೇ ಸೇರಿದರೆ 50,000 ಕಡಿಮೆಯಂತೆ. ಗಂಡ 'ನಿನಗೆ ಇಷ್ಟ ಇದ್ದರೆ ಕಟ್ಟುವ' ಅಂದರು. ಅತ್ತೆ 'ಬಾಲವಾಡಿ ಮಕ್ಕಳ ಮೂಗು ಒರಸಲಿಕ್ಕೆ ಡಾಕ್ಟರೇಟು ಎಂತಕ್ಕೆ' ಅಂದರು. ನನಗೆ ಮೊದಲಿನಿಂದಲೂ ಪಿಎಚ್.ಡಿ. ಮಾಡುವ ಆಸೆ. ಸೇರಲೋ, ಬೇಡವೋ?
– ಹೆಸರು ಬೇಡ

ಉತ್ತರ: ತಂಗೀ, ಮೊದಲು ಆ ಫೋನ್ ನಂಬರನ್ನು ಬ್ಲಾಕ್ ಮಾಡಿ. ಮತ್ತೆ ಮಾತಾಡುವ.

ಸಿಟ್ಟಿನಲ್ಲಿ ಹೇಳುತ್ತಿಲ್ಲ, ಲೆಕ್ಕ ನೋಡಿ ಹೇಳುತ್ತಿದ್ದೇನೆ. ನಮ್ಮ ದೇಶದಲ್ಲಿ ಪಿಎಚ್.ಡಿ.ಗೆ ನಿಯಮ ಮಾಡುವುದು ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗ. 2022ರ ನವೆಂಬರಿನಲ್ಲಿ ಅದು ತಂದ ನಿಯಮದ ಪ್ರಕಾರ ಕೋರ್ಸ್ ವರ್ಕ್ (ಸಂಶೋಧನೆಗೆ ಮೊದಲು ಕಲಿಯುವ ಪಾಠಗಳು) ಸೇರಿ ಕಡಿಮೆ ಎಂದರೂ 3 ವರ್ಷ ಬೇಕು. ನಿಮಗೆ ಹೇಳಿದ್ದು ಅದರ ಸರೀ ಅರ್ಧ. ಇನ್ನೊಂದು ಮಾತು, ದೂರಶಿಕ್ಷಣದಲ್ಲಾಗಲಿ ಆನ್‌ಲೈನಿನಲ್ಲಾಗಲಿ ಪಿಎಚ್.ಡಿ. ನಡೆಸುವ ಹಾಗೇ ಇಲ್ಲ ಅಂತ ಅದೇ ನಿಯಮದಲ್ಲಿ ಉಂಟು. ಅದಕ್ಕೆ ಒಂದೆರಡು ವಾರ ಮೊದಲು ಯುಜಿಸಿ ಮತ್ತು ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಎಐಸಿಟಿಇ ಸೇರಿ ಒಂದು ಎಚ್ಚರಿಕೆಯನ್ನೂ ಹೊರಡಿಸಿದ್ದವು. ವಿದೇಶದ ಸಂಸ್ಥೆಗಳ ಜೊತೆ ಸೇರಿಕೊಂಡು ಎಡ್‌ಟೆಕ್ (ಆನ್‌ಲೈನ್ ಶಿಕ್ಷಣದ) ಕಂಪನಿಗಳು ಕೊಡುವ ಆನ್‌ಲೈನ್ ಪಿಎಚ್.ಡಿ.ಗೆ ಮಾನ್ಯತೆ ಇಲ್ಲ, ಜಾಹೀರಾತಿಗೆ ಮರುಳಾಗಬೇಡಿ ಅಂತ. ನೀವು ನೋಡಿದ್ದು ಅಂಥದ್ದೇ ಜಾಹೀರಾತು. 'ಈ ವಾರವೇ ಸೇರಿದರೆ ಕಡಿಮೆ' ಅನ್ನುವುದು ಜವಳಿ ಅಂಗಡಿಯ ಆಟಿ (ಆಷಾಢ) ಸೇಲಿನ ಮಾತು. ಪಿಎಚ್.ಡಿ. ಮಾಡಿಸುವ ಯಾವ ಗೈಡ್ ಕೂಡ ವಿದ್ಯಾರ್ಥಿಯನ್ನು ಹಾಗೆ ಕರೆಯುವುದಿಲ್ಲ.

ನನ್ನ ಜೊತೆ ಕೆಲಸ ಮಾಡಿದ ಒಬ್ಬರು ಹೀಗೇ ದುಡ್ಡು ಕಟ್ಟಿದರು. ಸರ್ಟಿಫಿಕೇಟ್ ಬಂತು, ಚಿನ್ನದ ಬಣ್ಣದ ಸೀಲೂ ಇತ್ತು. ಚೌಕಟ್ಟು ಹಾಕಿಸಿ ಚಾವಡಿಯಲ್ಲಿ ತೂಗುಹಾಕಿದರು. ಮುಂದೆ ಒಂದು ಕಾಲೇಜಿನ ಇಂಟರ್‌ವ್ಯೂಗೆ ಹೋದಾಗ ಅದನ್ನು ನೋಡಿದವರು ಏನೂ ಹೇಳಲಿಲ್ಲವಂತೆ. ಸುಮ್ನೆ ಫೈಲು ಮುಚ್ಚಿ ವಾಪಸು ಕೊಟ್ಟರಂತೆ. ಬೈದಿದ್ದರೆ ವಾಸಿ ಇತ್ತು ಅಂತ ಅವರು ಆಮೇಲೆ ಹೇಳಿದರು.

ಈಗ ನಿಮ್ಮ ಆಸೆಯ ವಿಷಯ. ಅದನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ಆದರೆ ಡಾಕ್ಟರೇಟ್ ಎಂತಕ್ಕೆ ಬೇಕು ಅಂತ ನಿಮ್ಮ ಪತ್ರದಲ್ಲಿ ಎಲ್ಲಿಯೂ ಇಲ್ಲ. ಸಂಬಳ ಜಾಸ್ತಿ ಆಗಲಿಕ್ಕಾ? ಪ್ರೀ ಪ್ರೈಮರಿಯಲ್ಲಿ ಗೌರವಧನಕ್ಕೂ ಥೀಸಿಸ್ಸಿಗೂ (ಪಿಎಚ್.ಡಿ.ಗೆ ಬರೆಯುವ ಮಹಾಪ್ರಬಂಧ) ಸಂಬಂಧ ಇಲ್ಲ, ಅದು ನಿಮಗೇ ಗೊತ್ತು. ಕಾಲೇಜಿನಲ್ಲಿ ಕೆಲಸ ಸಿಗಲಿ ಅಂತಲಾ? ಹಾಗಾದರೆ ಇದನ್ನು ಕೇಳಿ. 2023ರ ಜುಲೈಯಿಂದ ಅಸಿಸ್ಟೆಂಟ್ ಪ್ರೊಫೆಸರ್ ಆಗಲು ನೆಟ್ (ರಾಷ್ಟ್ರಮಟ್ಟದ್ದು) ಅಥವಾ ಸೆಟ್ (ರಾಜ್ಯಮಟ್ಟದ್ದು) ಅರ್ಹತಾ ಪರೀಕ್ಷೆ ಪಾಸಾದರೆ ಸಾಕು, ಪಿಎಚ್.ಡಿ. ಕಡ್ಡಾಯ ಅಲ್ಲ. ನಿಮ್ಮದು ಕನ್ನಡ ಎಂ.ಎ. ಆದ್ದರಿಂದ ಕನ್ನಡದಲ್ಲೇ ನೆಟ್ ಬರೆಯಬಹುದು. ಎಷ್ಟೋ ಜನ ಇದು ತಿಳಿಯದೆ ಡಾಕ್ಟರೇಟ್ ಹಿಂದೆ ಓಡುತ್ತಾರೆ.

ಇನ್ನು ಮಕ್ಕಳ ಬಗ್ಗೆ ನಿಮ್ಮ ತಲೆಯಲ್ಲಿ ಏನೋ ಒಂದು ಪ್ರಶ್ನೆ ಕೊರೆಯುತ್ತಾ ಉಂಟು, ಅದಕ್ಕಾಗಿ ಬೇಕು ಅಂತಾದರೆ ನನ್ನ ಕತೆ ಸ್ವಲ್ಪ ಕೇಳಿ.

ನಾನು 2012ರಲ್ಲಿ ಪಾರ್ಟ್ ಟೈಮ್ ಪಿಎಚ್.ಡಿ.ಗೆ ಸೇರಿದೆ. ಶಾಲೆ ಬಡಿಯಡ್ಕದ ಕಡೆ, ಗೈಡ್ ಮಂಗಳೂರಿನ ಕಡೆ. ಒಂದನೇ ಕ್ಲಾಸಿನ ಮಕ್ಕಳು ಹುಣಸೆ ಬೀಜ, ಗೇರುಬೀಜ ಇಟ್ಟು ಹೇಗೆ ಲೆಕ್ಕ ಕಲಿಯುತ್ತಾರೆ ಎನ್ನುವುದು ನನ್ನ ವಿಷಯ. ಶನಿವಾರ ಬೆಳಿಗ್ಗೆ ಬಸ್ಸು ಹತ್ತಿದರೆ ರಾತ್ರಿ ಮನೆ. ಎರಡು ವರ್ಷ ಕಷ್ಟಪಟ್ಟು ಬರೆದ 60 ಪುಟ ತೆಗೆದುಕೊಂಡು ಹೋದೆ. ಗೈಡ್ ಪೂರ್ತಿ ಓದಿದರು, ಮತ್ತೆ ಕೇಳಿದರು: 'ಇದೆಲ್ಲಾ ನೀವು ಅಂದುಕೊಂಡದ್ದು. ಮಕ್ಕಳು ಎಂತ ಮಾಡಿದರು ಅಂತ ಎಲ್ಲಿ ಉಂಟು?' ಬರುವಾಗ ಬಸ್ಸಿನಲ್ಲಿ ಕುಂಬಳೆವರೆಗೂ ಅಳುತ್ತಲೇ ಇದ್ದೆ. ಆದರೆ ಅವರು ಹೇಳಿದ್ದು ಸರಿ. 20 ವರ್ಷ ಪಾಠ ಮಾಡಿದವಳಿಗೆ ಮಕ್ಕಳ ಬಗ್ಗೆ ಎಲ್ಲ ಗೊತ್ತು ಎಂಬ ಜಂಬ ಇರುತ್ತದೆ. ಆ ಜಂಬ ಇಳಿಯಲು ನನಗೆ ಎರಡು ವರ್ಷ ಹೋಯಿತು. ನಿಮಗೆ 11 ವರ್ಷ ಆಗಿದೆ, ನಿಮಗೂ ಸ್ವಲ್ಪ ಇರಬಹುದು, ಬೇಜಾರು ಮಾಡಬೇಡಿ.

ಮುಗಿದದ್ದು 2020ರಲ್ಲಿ. ಕೊರೋನ ಬಂದು ಕೇರಳ-ಕರ್ನಾಟಕದ ತಲಪಾಡಿ ಗಡಿ ಮುಚ್ಚಿತ್ತಲ್ಲ, ಆಗ ವಿಡಿಯೋ ಮೂಲಕ ವೈವಾ (ಮೌಖಿಕ ಪರೀಕ್ಷೆ) ಮಾಡಬಹುದು ಎಂದಾಯಿತು. ನಮ್ಮ ಮನೆಯೊಳಗೆ ರೇಂಜ್ ಇಲ್ಲ. ಅಂಗಳದ ಹಲಸಿನ ಮರದ ಬುಡದಲ್ಲಿ ಸ್ಟೂಲು ಇಟ್ಟು, ಮಡಿಲಲ್ಲಿ ಲ್ಯಾಪ್‌ಟಾಪ್ ಇಟ್ಟು ಕೂತೆ. ಪರೀಕ್ಷಕರು ಪ್ರಶ್ನೆ ಕೇಳುವಾಗ ಹಿಂದೆ ಕೋಳಿ ಕೂಗಿತು. ನನ್ನ ಡಾಕ್ಟರೇಟಿನಲ್ಲಿ ಆನ್‌ಲೈನ್ ಆದದ್ದು ಆ ಒಂದೂವರೆ ಗಂಟೆ ಮಾತ್ರ.

ಎಂಟು ವರ್ಷ ಅಂತ ಹೆದರಬೇಡಿ. ಈಗಿನ ನಿಯಮದಲ್ಲಿ ಎಲ್ಲರಿಗೂ ಅವಧಿ ಹೆಚ್ಚೆಂದರೆ 6 ವರ್ಷ, ಮತ್ತೆ ನೋಂದಾಯಿಸಿದರೆ ಇನ್ನೂ 2 ವರ್ಷ ಸಿಗುತ್ತದೆ. ಹೆಂಗಸರಿಗೆ ಅದರ ಮೇಲೆ 2, ಒಟ್ಟು 10ರವರೆಗೆ. ಹೆರಿಗೆ, ಮಗುವಿನ ಆರೈಕೆಗೆ 240 ದಿನದವರೆಗೆ ರಜೆಯೂ ಉಂಟು. ಪಾರ್ಟ್ ಟೈಮ್‌ಗೆ ಅವಕಾಶ ಉಂಟು, ಆದರೆ ಕೆಲಸ ಕೊಟ್ಟವರಿಂದ ಎನ್ಒಸಿ (ಆಕ್ಷೇಪ ಇಲ್ಲ ಎಂಬ ಪತ್ರ) ತರಬೇಕು. ಕೋರ್ಸ್ ವರ್ಕ್ ಕನಿಷ್ಠ 12 ಕ್ರೆಡಿಟ್ (ಕ್ರೆಡಿಟ್ ಅಂದರೆ ಪಾಠದ ಅಳತೆ). ಆ ಪಾಠ ನಡೆಯುವ ತಿಂಗಳುಗಳಲ್ಲಿ ಮನೆಯಲ್ಲಿ ಅತ್ತೆಯ ಸಹಾಯ ಬೇಕೇ ಬೇಕು. ಹಾಗಾಗಿ ಅವರ ಜೊತೆ ಜಗಳ ಮಾಡಬೇಡಿ.

ಎಲ್ಲಿಗೆ ಸೇರಬೇಕು? ಇಲ್ಲಿ ಒಂದು ತೊಡಕು ಉಂಟು. ಶಿಕ್ಷಣ ವಿಭಾಗದಲ್ಲಿ ಪಿಎಚ್.ಡಿ.ಗೆ ಸಾಮಾನ್ಯವಾಗಿ ಎಂ.ಎಡ್. ಅಥವಾ ಶಿಕ್ಷಣದಲ್ಲಿ ಎಂ.ಎ. ಕೇಳುತ್ತಾರೆ. ಶಿಕ್ಷಣದಲ್ಲಿ ಎಂ.ಎ.ಯನ್ನು ಇಗ್ನೋ ಮುಕ್ತ ವಿಶ್ವವಿದ್ಯಾಲಯದಲ್ಲಿ ಮನೆಯಲ್ಲೇ ಓದಿ ಮಾಡಬಹುದು, ಕಡಿಮೆ ಎಂದರೆ 2 ವರ್ಷ. ಎಂ.ಎ.ಗೆ ದೂರಶಿಕ್ಷಣ ಆಗುತ್ತದೆ, ತೊಂದರೆ ಇಲ್ಲ. ಆಮೇಲೆ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಉಂಟು, ಕೇಂದ್ರ ಸರ್ಕಾರದ ಎನ್‌ಸಿಇಆರ್‌ಟಿಯದ್ದು, 1963ರಿಂದ ದಕ್ಷಿಣದ ರಾಜ್ಯಗಳಿಗಾಗಿ ನಡೆಯುತ್ತಿದೆ. ನಮ್ಮ ಪೆರಿಯದ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೂ ಶಿಕ್ಷಣ ವಿಭಾಗ ಉಂಟು. ಎರಡನ್ನೂ ವಿಚಾರಿಸಿ.

ಆದರೆ ನಿಮ್ಮ ಜಾಗದಲ್ಲಿ ನಾನಿದ್ದರೆ ಬೇರೆಯೇ ದಾರಿ ಹಿಡಿಯುತ್ತಿದ್ದೆ. ಕನ್ನಡ ಎಂ.ಎ. ಕೈಯಲ್ಲೇ ಇರುವಾಗ ಇನ್ನೊಂದು ಎಂ.ಎ. ಯಾಕೆ? ಪಿಎಚ್.ಡಿ.ಗೆ 55 ಪರ್ಸೆಂಟ್ ಬೇಕಾದಲ್ಲಿ ನಿಮಗೆ 62 ಉಂಟು. ಕನ್ನಡದಲ್ಲೇ ಪಿಎಚ್.ಡಿ. ಮಾಡಿ, ವಿಷಯ ಮಾತ್ರ ನಿಮ್ಮ ಬಾಲವಾಡಿಯದ್ದೇ ಆಗಲಿ. ಕೊಣಾಜೆಯಲ್ಲಿ ಮಂಗಳೂರು ವಿಶ್ವವಿದ್ಯಾಲಯದ ಎಸ್.ವಿ.ಪಿ. ಕನ್ನಡ ಅಧ್ಯಯನ ಸಂಸ್ಥೆ ಉಂಟು, ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ ಉಂಟು. ಥೀಸಿಸ್ ಕನ್ನಡದಲ್ಲೇ ಬರೆಯಬಹುದು.

ವಿಷಯ ಎಂತದು ಅಂತ ಕೇಳುತ್ತೀರಾ? ನಿಮ್ಮ ಕ್ಲಾಸಿನಲ್ಲಿ ಬೆಳಿಗ್ಗೆ ಹನ್ನೊಂದು ಗಂಟೆಗೆ ಬಾಯಾರಿಕೆ ಆದಾಗ ಮಕ್ಕಳು ಹೇಗೆ ಕೇಳುತ್ತಾರೆ ನೋಡಿ. ತುಳುವಿನ ಮಗು 'ನೀರ್' ಅನ್ನುತ್ತದೆ. ಕೊಂಕಣಿಯದ್ದು 'ಉದಾಕ್', ಮರಾಟಿಯದ್ದು 'ಪಾಣಿ'. ಟಿವಿಯಲ್ಲಿ ಮಲಯಾಳದ 'ವೆಳ್ಳಂ'. ಟೀಚರ್ 'ನೀರು ಬೇಕಾ' ಅನ್ನುತ್ತಾರೆ. ಮೂರೂವರೆ ವರ್ಷದ ಆ ಜೀವ ಯಾವ ದಿನ, ಯಾರ ಹತ್ತಿರ, ಯಾವ ಮಾತು ಆರಿಸಿಕೊಳ್ಳುತ್ತದೆ? ಟೀಚರ್ ಹತ್ತಿರ ಒಂದು, ಆಯಾ ಹತ್ತಿರ ಒಂದು, ಪಕ್ಕದ ಮಗುವಿನ ಹತ್ತಿರ ಇನ್ನೊಂದು. 2020ರಲ್ಲಿ ಅಂಗನವಾಡಿ ಮಕ್ಕಳಿಗೆ ಕೇರಳದ ವಿಕ್ಟರ್ಸ್ ಶಿಕ್ಷಣ ಚಾನೆಲ್ಲಿನಲ್ಲಿ 'ಕಿಳಿಕೊಂಜಲ್' ಎಂಬ ಕಾರ್ಯಕ್ರಮ ಬರುತ್ತಿತ್ತು, ಮಲಯಾಳದಲ್ಲಿ. ನಮ್ಮ ಪಕ್ಕದ ಮನೆಯ ತುಳು ಮಗು ಅದನ್ನು ಕಣ್ಣು ಮಿಟುಕಿಸದೆ ನೋಡುತ್ತಿತ್ತು, ಆಮೇಲೆ ಅಜ್ಜಿಗೆ ತುಳುವಿನಲ್ಲಿ ಕತೆ ಹೇಳುತ್ತಿತ್ತು. ಅರ್ಧ ಕತೆ ಟಿವಿಯದ್ದು, ಅರ್ಧ ಅದರದ್ದೇ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 3ರಿಂದ 8 ವರ್ಷದವರೆಗೆ ಒಂದು ಹಂತ ಎಂದಿತು, ಮನೆಮಾತಿನಲ್ಲಿ ಕಲಿಸಿ ಎಂದಿತು. ಮನೆಮಾತು ಒಂದೇ ಇದ್ದ ಊರಿಗೆ ಅದು ಸುಲಭ. ಒಂದೇ ಚಾಪೆಯಲ್ಲಿ ನಾಲ್ಕು ಮನೆಮಾತು ಕೂತಿರುವ ಪೆರ್ಲದಲ್ಲಿ ಎಂತ ಮಾಡುವುದು? ಇದನ್ನು ಹೊರಗಿನಿಂದ ಬಂದವರು ಬರೆಯಲಾರರು, ಅವರಿಗೆ ಅಷ್ಟು ಭಾಷೆ ಕಿವಿಗೆ ಬೀಳುವುದಿಲ್ಲ. ನಿಮಗೆ ಬೀಳುತ್ತದೆ.

ನಾಳೆಯೇ 200 ಪುಟದ ಒಂದು ನೋಟ್‌ಬುಕ್ ತನ್ನಿ. ದಿನಕ್ಕೆ ಹತ್ತು ನಿಮಿಷ ಬರೆಯಿರಿ. ತಾರೀಕು, ಮಗು (ಹೆಸರು ಬೇಡ, ಒಂದು ಅಕ್ಷರ ಸಾಕು), ಅದು ಹೇಳಿದ ಮಾತು ಹೇಳಿದ ಹಾಗೇ. 'ಮಗು ಖುಷಿಯಾಗಿತ್ತು' ಅಂತ ಬರೆಯಬೇಡಿ, 'ಚಪ್ಪಲಿ ಬಿಟ್ಟು ಓಡಿತು' ಅಂತ ಬರೆಯಿರಿ. ರಾತ್ರಿ ಸಮಯ ಸಿಕ್ಕಿದರೆ 'ಶೋಧಗಂಗಾ' ಎಂಬ ವೆಬ್‌ಸೈಟ್ ನೋಡಿ. ನಮ್ಮ ವಿಶ್ವವಿದ್ಯಾಲಯಗಳ ಥೀಸಿಸ್‌ಗಳು ಅಲ್ಲಿ ಪುಕ್ಕಟೆ ಓದಲು ಸಿಗುತ್ತವೆ. ನಾಲ್ಕೈದು ಓದಿದರೆ ಒಳ್ಳೆಯದು ಯಾವುದು, ಪುಟ ತುಂಬಿಸಿದ್ದು ಯಾವುದು ಅಂತ ನಿಮಗೇ ತಿಳಿಯುತ್ತದೆ. ಆರು ತಿಂಗಳು ನೋಟ್‌ಬುಕ್ ತುಂಬಿದ ಮೇಲೂ ಆಸೆ ಇದ್ದರೆ ಅದನ್ನೇ ಹಿಡಿದು ಗೈಡ್ ಹತ್ತಿರ ಹೋಗಿ. ಬೇಸರ ಬಂದರೆ, 40 ರೂಪಾಯಿಯ ಪುಸ್ತಕ ಹೋಯಿತು ಅಷ್ಟೇ.

ಮತ್ತೆ ಅತ್ತೆಗೆ ಒಂದು ಕತೆ ಹೇಳಿ. ತಾರಾಬಾಯಿ ಮೋಡಕ್ ಅಂತ ಇದ್ದರು. 1945ರಲ್ಲಿ ಮಹಾರಾಷ್ಟ್ರದ ಬೋರ್ಡಿಯಲ್ಲಿ ಹಳ್ಳಿ ಮಕ್ಕಳಿಗಾಗಿ ಕೆಲಸ ಶುರು ಮಾಡಿದರು, ಅನುತಾಯಿ ವಾಘ್ ಜೊತೆಗಿದ್ದರು. ಮಕ್ಕಳು ಶಾಲೆಗೆ ಬರಲಿಲ್ಲ. ಆಗ ಶಾಲೆಯನ್ನೇ ಅವರ ಮನೆಯಂಗಳಕ್ಕೆ ಒಯ್ದರು. ಅಂಗನವಾಡಿಯ ಬೇರು ಅಲ್ಲಿ ಉಂಟು. ಅವರೂ ಮೂಗು ಒರಸಿದವರೇ. 1962ರಲ್ಲಿ ತಾರಾಬಾಯಿಗೆ ಪದ್ಮಭೂಷಣ ಬಂತು.

ಪ್ರಶ್ನೆ: ನನ್ನ ಮಗಳು ಮದುವೆಯಾಗಿ ಅಮೆರಿಕದಲ್ಲಿದ್ದಾಳೆ, ಅಲ್ಲಿ ಒಂದು ಪ್ರೀಸ್ಕೂಲಿನಲ್ಲಿ ಕೆಲಸ. ಅವಳೂ ಶಿಶು ಶಿಕ್ಷಣದಲ್ಲಿ ಆನ್‌ಲೈನ್ ಡಾಕ್ಟರೇಟಿಗೆ ಸೇರುತ್ತಾಳಂತೆ. ಅದೂ ಮೋಸವೇ?
– ಒಬ್ಬ ತಂದೆ, ಕುಂಬಳೆ

ಉತ್ತರ: ಅಲ್ಲ ಅಣ್ಣ. ಅಲ್ಲಿನ ಪದ್ಧತಿ ಬೇರೆ. ಅಮೆರಿಕದಲ್ಲಿ ಮಾನ್ಯತೆ ಪಡೆದ ವಿಶ್ವವಿದ್ಯಾಲಯಗಳೇ ಆನ್‌ಲೈನಿನಲ್ಲಿ ಡಾಕ್ಟರೇಟ್ ನಡೆಸುತ್ತವೆ. ಪಿಎಚ್.ಡಿ. ಒಂದು, ಎಡ್.ಡಿ. (ಡಾಕ್ಟರ್ ಆಫ್ ಎಜುಕೇಶನ್) ಇನ್ನೊಂದು. ಎಡ್.ಡಿ. ಕೆಲಸದಲ್ಲಿರುವ ಶಿಕ್ಷಕರಿಗೆ, ಶಾಲೆ ನಡೆಸುವವರಿಗೆ ಅಂತ ಇರುವುದು. ಹಾರ್ವರ್ಡ್ 1920ರಲ್ಲಿ ಶಿಕ್ಷಣಕ್ಕೆ ಪ್ರತ್ಯೇಕ ಶಾಲೆ ತೆರೆದಾಗಲೇ ಅದನ್ನು ಶುರು ಮಾಡಿತು. ಮೋಸದ ಸಂಸ್ಥೆಗಳು ಅಲ್ಲಿಯೂ ಇವೆ. ಹಾಗಾಗಿ ಸೇರುವ ಮೊದಲು ಅಮೆರಿಕದ ಶಿಕ್ಷಣ ಇಲಾಖೆಯ ಮಾನ್ಯತೆ ಪಟ್ಟಿಯಲ್ಲಿ ಹೆಸರು ನೋಡಲಿ.

ಫೀಸು ಸಾಮಾನ್ಯವಾಗಿ ಕ್ರೆಡಿಟ್ ಲೆಕ್ಕದಲ್ಲಿ. ಥೀಸಿಸ್ ಎಳೆದಷ್ಟೂ ಬಿಲ್ಲು ಬೆಳೆಯುತ್ತದೆ. ಕ್ಲಾಸೆಲ್ಲ ಮುಗಿಸಿ ಥೀಸಿಸ್ಸಿನಲ್ಲಿ ನಿಂತುಹೋದವರು ಎಷ್ಟು ಜನ ಎಂದರೆ, ಅವರಿಗೆ ಅಲ್ಲಿ ಎಬಿಡಿ ಅಂತ ಹೆಸರೇ ಉಂಟು. ಥೀಸಿಸ್ ಬಿಟ್ಟು ಉಳಿದದ್ದೆಲ್ಲ ಆಯಿತು ಎಂದು ಅರ್ಥ. ಸಣ್ಣ ಮಕ್ಕಳನ್ನು ನೋಡಿ ಸಂಶೋಧನೆ ಮಾಡುವುದಾದರೆ ವಿಶ್ವವಿದ್ಯಾಲಯದ ನೈತಿಕ ಸಮಿತಿಯ ಒಪ್ಪಿಗೆ ಬೇಕು, ತಂದೆತಾಯಿಯ ಸಹಿಯೂ ಬೇಕಾಗುತ್ತದೆ. ಅದಕ್ಕೇ ತಿಂಗಳುಗಟ್ಟಲೆ ಹೋಗಬಹುದು. ಕ್ಲಾಸ್ ಟೀಚರ್ ಆಗಿಯೇ ಇರುವುದಾದರೆ ಡಾಕ್ಟರೇಟ್ ಬೇಕಿಲ್ಲ ಅಂತ ಅವಳಿಗೂ ಗೊತ್ತಿರಬಹುದು. ಒಂದೇ ಒಂದು ವಿಷಯ ಕೇಳಿ ನೋಡಿ, ಮುಂದೆ ಊರಿಗೆ ಬಂದು ಇಲ್ಲಿ ಕೆಲಸ ಮಾಡುವ ಯೋಚನೆ ಉಂಟಾ ಅಂತ. ಇದ್ದರೆ ಆ ಡಿಗ್ರಿಗೆ ಇಲ್ಲಿ ಬೆಲೆ ಉಂಟಾ ಎಂದು ಯುಜಿಸಿಯಲ್ಲಿ ಮೊದಲೇ ಕೇಳಬೇಕು. ವಿದೇಶಿ ಡಿಗ್ರಿಗಳ ತತ್ಸಮಾನತೆಗೆ 2025ರಲ್ಲಿ ಹೊಸ ನಿಯಮ ಬಂದಿದೆ.

ಪ್ರಶ್ನೆ: ಒಂದು ಸಂಸ್ಥೆಯವರು 25,000 ರೂಪಾಯಿಗೆ ಗೌರವ ಡಾಕ್ಟರೇಟ್ ಕೊಡುತ್ತಾರಂತೆ. ಮಗನ ಮದುವೆ ಕಾಗದದಲ್ಲಿ ಹೆಸರಿನ ಮುಂದೆ 'ಡಾ.' ಹಾಕಬಹುದಾ?
– ನಿವೃತ್ತ ಮಾಷ್ಟ್ರು, ಮಂಜೇಶ್ವರ

ಉತ್ತರ: ಮಾಷ್ಟ್ರೇ, ಡಿಗ್ರಿ ಕೊಡುವ ಅಧಿಕಾರ ಇರುವುದು ಕಾನೂನಿನ ಪ್ರಕಾರ ಆದ ವಿಶ್ವವಿದ್ಯಾಲಯಗಳಿಗೆ ಮತ್ತು ಪಾರ್ಲಿಮೆಂಟ್ ಅಧಿಕಾರ ಕೊಟ್ಟ ಸಂಸ್ಥೆಗಳಿಗೆ ಮಾತ್ರ. 1956ರ ಯುಜಿಸಿ ಕಾಯಿದೆಯ 22ನೇ ಸೆಕ್ಷನ್ ನೋಡಿ. ಆ 25,000ದಲ್ಲಿ ಮದುವೆಗೆ ಬಂದವರಿಗೆ ಇನ್ನೊಂದು ಪಾಯಸ ಬಡಿಸಿ. ಕಾಗದದಲ್ಲಿ 'ಮಾಷ್ಟ್ರು' ಅಂತಲೇ ಹಾಕಿಸಿ. ನಿಮ್ಮ ಊರಿನಲ್ಲಿ ಆ ಹೆಸರಿನಿಂದಲೇ ಅಲ್ವಾ ಎಲ್ಲರೂ ನಿಮ್ಮ ಮನೆ ತೋರಿಸುವುದು?